ದವಾಖಾನೆಗೆ ಹೋದ ಮಖಮಲ್ ಅಂಗಿ

ಗಂಗಾವತಿಯ ದವಾಖಾನೆಗೆ ಆಗ ಎರಡು ದಾರಿ ಇದ್ದವು. ಒಂದು ಬಾಗಿಲು, ಇನ್ನೊಂದು ಕಿಟಕಿ. ಬಾಗಿಲಿನಿಂದ ಹೋದವರಿಗೆ ಒಳಗೆ ಬೆಂಚು ಇತ್ತು, ಬೆಂಚಿನ ಆಚೆ ಡಾಕ್ಟರು ಇದ್ದರು. ಕಿಟಕಿಗೆ ಹೋದವರಿಗೆ ಕಂಪೌಂಡರನ ಕೈ ಇತ್ತು, ಕೈ ಮಾತ್ರ. ಯಾರು ಯಾವುದಕ್ಕೆ ಹೋಗಬೇಕು ಎಂದು ಎಲ್ಲಿಯೂ ಬರೆದಿರಲಿಲ್ಲ. ಬರೆದಿದ್ದರೂ ಆಗಿನ ಸರ್ಕಾರದ ಭಾಷೆಯಾದ ಉರ್ದುವಿನಲ್ಲಿ ಬರೆದಿರುತ್ತಿದ್ದರು, ಮತ್ತು ನಮ್ಮ ಓಣಿಯಲ್ಲಿ ಯಾವ ಅಕ್ಷರವನ್ನೂ ಓದುವವರು ಇರಲಿಲ್ಲ. ಆದರೂ ಒಬ್ಬರೂ ದಾರಿ ತಪ್ಪುತ್ತಿರಲಿಲ್ಲ. ಮೈಮೇಲಿನ ಬಟ್ಟೆ ನೋಡಿಕೊಂಡು ಕಾಲು ತಾನಾಗಿಯೇ ತಿರುಗುತ್ತಿತ್ತು.

ಕಿಟಕಿಯ ಕಟ್ಟೆ ದೊಡ್ಡ ಹೆಂಗಸಿನ ಗದ್ದದ ಮಟ್ಟಕ್ಕಿತ್ತು. ಸೊಂಟದ ಮೇಲೆ ಕೂತ ಕೂಸು ಕೆಳಗೇ ಉಳಿಯುತ್ತಿತ್ತು. ಒಳಗಿದ್ದ ಕಂಪೌಂಡರನಿಗೆ ತಾಯಿಯ ಮುಖವಷ್ಟೇ ಕಾಣುತ್ತಿತ್ತು. ಜ್ವರವೋ ಕೆಮ್ಮೋ ಎಂದು ಕೇಳುತ್ತಿದ್ದ. ಜ್ವರ ಎಂದರೆ ಕೆಂಪು ನೀರು, ಕೆಮ್ಮು ಎಂದರೆ ಬಿಳಿ ನೀರು. ಎರಡೂ ಎಂದರೆ ಸಿಟ್ಟಿಗೇಳುತ್ತಿದ್ದ, ಯಾವುದಾದರೂ ಒಂದು ಹೇಳು ಎನ್ನುತ್ತಿದ್ದ. ಸೀಸೆ ನಾವೇ ಒಯ್ಯಬೇಕಿತ್ತು. ಅಷ್ಟು ವರ್ಷ ಮಕ್ಕಳಿಗೆ ಔಷಧಿ ಹಂಚಿದ ಆ ಮನುಷ್ಯ ನಮ್ಮ ಓಣಿಯ ಒಂದು ಮಗುವಿನ ಮುಖವನ್ನೂ ನೋಡಿರಲಿಕ್ಕಿಲ್ಲ. ಇದನ್ನು ಹೇಳುವಾಗ ನನಗೆ ಈಗಲೂ ಮೈ ಉರಿಯುತ್ತದೆ. ಎಷ್ಟು ವರ್ಷ ಆತು, ಇನ್ನರ ಬಿಡಬಾರದೇನು ಎಂದು ಮೊಮ್ಮಕ್ಕಳು ಕೇಳುತ್ತಾರೆ. ನಾನು ಬಿಡುವುದಿಲ್ಲ.

ನಾವು ಹುಲಿಹೈದರದ ಕಡೆಯವರು. ಕಾಲುವೆ ನೀರಿನ ಭತ್ತದ ಸೀಮೆಯಲ್ಲಿ ವರ್ಷವಿಡೀ ಕೆಲಸ ಇರುತ್ತದೆ ಎಂದು ಕೇಳಿ ಗಂಗಾವತಿಗೆ ಬಂದಿದ್ದೆವು. ಅಪ್ಪ ಅಕ್ಕಿ ಗಿರಣಿಯಲ್ಲಿ ಚೀಲ ಹೊರುತ್ತಿದ್ದ. ಹಂಗಾಮಿನಲ್ಲಿ ಗಾಡಿಗಳ ಜೊತೆ ಕೊಪ್ಪಳದ ರೈಲು ಸ್ಟೇಷನ್ನಿಗೆ ಹೋದರೆ ಎಷ್ಟೋ ದಿನ ಬರುತ್ತಿರಲಿಲ್ಲ. ಅವ್ವ ಅದೇ ಗಿರಣಿಯ ಸಾಹುಕಾರರ ಮನೆಯಲ್ಲಿ ಅಕ್ಕಿ ಕೇರುವುದು, ನೆಲ ಸಾರಿಸುವುದು, ಅವರ ಒಬ್ಬನೇ ಮಗನನ್ನು ಆಡಿಸುವುದು ಮಾಡುತ್ತಿದ್ದಳು. ಅವರ ಮಗನನ್ನು ಅವ್ವ ಆಡಿಸುವಾಗ ಅವಳ ಮಗನನ್ನು ನಾನು ಆಡಿಸುತ್ತಿದ್ದೆ. ನನ್ನ ತಮ್ಮ ಸಾಹುಕಾರರ ಮಗನಿಗಿಂತ ಒಂದು ವರ್ಷ ದೊಡ್ಡವನು, ತೂಕದಲ್ಲಿ ಅವನ ಅರ್ಧ. ನಾನು ಅವನನ್ನು ಸೊಂಟದ ಮೇಲೆ ಕೂರಿಸಿಕೊಂಡು ಊರೆಲ್ಲ ತಿರುಗುತ್ತಿದ್ದೆ, ಭಾರವೇ ಅನ್ನಿಸುತ್ತಿರಲಿಲ್ಲ.

ಎಲ್ಲೋ ದೊಡ್ಡ ಯುದ್ಧ ನಡೆದಿತ್ತು. ಯಾರು ಯಾರನ್ನು ಕೊಲ್ಲುತ್ತಿದ್ದಾರೆ ಎಂಬುದು ನಮಗೆ ತಿಳಿದಿರಲಿಲ್ಲ. ನಮ್ಮ ಓಣಿಗೆ ಬಂದದ್ದು ಅದರ ಕೊರತೆ ಮಾತ್ರ. ಚಿಮಣಿ ಎಣ್ಣೆ ಇಲ್ಲ, ಉಡುವ ಅರಿವೆ ಇಲ್ಲ, ಚಳಿಜ್ವರಕ್ಕೆ ಕೊಡುವ ಕಹಿ ಗುಳಿಗೆ ಇಲ್ಲ. ಇಲ್ಲವೆಂದರೆ ಪೂರ್ತಿ ಇಲ್ಲ ಎಂದಲ್ಲ. ಡಾಕ್ಟರ ಕಪಾಟಿನಲ್ಲಿ ಇತ್ತು.

ಮಳೆಗಾಲ ಮುಗಿದು ಗದ್ದೆಗಳಲ್ಲಿ ನೀರು ನಿಂತಿದ್ದ ದಿನಗಳಲ್ಲಿ ತಮ್ಮನಿಗೆ ಚಳಿಜ್ವರ ಹಿಡಿಯಿತು. ದಿನ ಬಿಟ್ಟು ದಿನ ಬರುತ್ತಿತ್ತು. ಹೊತ್ತು ಏರಿದಂತೆ ನಡುಕ ಹತ್ತುತ್ತಿತ್ತು. ಮನೆಯಲ್ಲಿದ್ದ ಕೌದಿಗಳನ್ನೆಲ್ಲ ಹೊದಿಸಿ ಅವುಗಳ ಮೇಲೆ ನಾನು ಬಿದ್ದುಕೊಂಡರೂ ಅವನು ನನ್ನ ಕೆಳಗೆ ನಡುಗುತ್ತಲೇ ಇರುತ್ತಿದ್ದ. ಆಮೇಲೆ ಮೈ ಸುಡುವುದು, ಆಮೇಲೆ ಬೆವರು. ಬಿಟ್ಟ ದಿನ ಎದ್ದು ಆಡುತ್ತಿದ್ದ, ರೊಟ್ಟಿ ಕೇಳುತ್ತಿದ್ದ. ಅದರಿಂದಲೇ ನಾವು ಮೋಸಹೋದೆವು. ಪ್ರತಿ ಸಲವೂ ಇನ್ನು ಆರಾಮಾಯಿತು ಎಂದುಕೊಂಡೆವು.

ಒಂದು ದಿನ ಮೈ ತೊಳೆಯುವಾಗ ಅವ್ವನ ಕೈಗೆ ಅವನ ಎಡಮಗ್ಗುಲಲ್ಲಿ, ಪಕ್ಕೆಲುಬಿನ ಕೆಳಗೆ, ಗಟ್ಟಿಯಾಗಿ ಏನೋ ಹತ್ತಿತು. ಒತ್ತಿದರೆ ಅಳುತ್ತಿದ್ದ. ಅವ್ವ ಅಂದೇ ಕೆಲಸ ಬಿಟ್ಟು ಅವನನ್ನು ದವಾಖಾನೆಗೆ ಒಯ್ದಳು. ನಾನು ಸೀಸೆ ಹಿಡಿದುಕೊಂಡು ಹಿಂದೆ ಹೋದೆ. ಕಿಟಕಿಯ ಮುಂದೆ ಪಾಳಿ ಹಚ್ಚಿ ನಿಂತು ನಿಂತು ನಮ್ಮ ಸರದಿ ಬಂತು.

"ಜ್ವರಾನೋ, ಕೆಮ್ಮೋ?"

"ಜ್ವರಾರೀ. ಹೊಟ್ಯಾಗ ಗಡ್ಡಿ ಆಗೈತ್ರಿ."

"ಯಾರಿಗೆ, ನಿನಗೇನು?"

"ನನ್ನ ಮಗಗರೀ. ಇಲ್ಲೇ ಅದಾನ ನೋಡ್ರಿ." ಅವ್ವ ತಮ್ಮನನ್ನು ಕಂಕುಳಲ್ಲಿ ಕೈ ಹಾಕಿ ಕಿಟಕಿಯ ಮಟ್ಟಕ್ಕೆ ಎತ್ತಿದಳು.

"ಎತ್ತಬ್ಯಾಡ, ಎತ್ತಬ್ಯಾಡ! ಇಲ್ಲಿ ಗಡ್ಡಿಗಿಡ್ಡಿ ನೋಡಂಗಿಲ್ಲ. ಜ್ವರ ಅಂದಿ, ಜ್ವರದ್ದು ತಗೊ. ಸೀಸೆ ಹಿಡಿ."

ಕೆಂಪು ನೀರು ಬಿತ್ತು. ನಾನು ದಾರಿಯಲ್ಲಿ ಬೆರಳು ಅದ್ದಿ ನೆಕ್ಕಿದೆ, ಸಿಹಿಯಾಗಿತ್ತು. ತಮ್ಮನಿಗೆ ಅದು ಬಹಳ ಸೇರಿತು. ಇನ್ನೊಂದಿಷ್ಟು ಕೊಡು ಎಂದು ಅಳುತ್ತಿದ್ದ. ಕೊಟ್ಟೆವು. ಜ್ವರ ತನ್ನ ಪಾಳಿಗೆ ಸರಿಯಾಗಿ ಬಂತು.

ನಮ್ಮ ಪಕ್ಕದ ಗುಡಿಸಲಿನಲ್ಲಿ ಒಬ್ಬ ಮುದುಕಿ ಇದ್ದಳು. ಊರಿನ ಎಲ್ಲರ ಮೇಲೂ ಅವಳಿಗೆ ಸಿಟ್ಟು. ಅವಳು ಸೀಸೆಯನ್ನು ಮೂಸಿ ನೋಡಿ ಕೆಳಗಿಟ್ಟಳು.

"ಸೀ ಇದ್ದದ್ದು ಔಷಧ ಅಲ್ಲವ್ವ. ಚಳಿಜ್ವರದ್ದು ಕಹಿ ಗುಳಿಗಿ ಇರ್ತೈತಿ. ಡಾಕ್ಟರನ ಕಪಾಟಿನ್ಯಾಗ ಐತಿ. ಈ ಗಡ್ಡಿ ಅವನ ಕೈಗೆ ಹತ್ತಬೇಕು, ಅಂದ್ರ ಗುಳಿಗಿ ಕೊಡ್ತಾನ. ಕಿಡಕಿಗೆ ಹೋದ್ರ ಯಾವಾಗ ಹತ್ತೀತು? ಬಾಗಲದಾಗ ಹೋಗು."

"ಬಾಗಲದಾಗ ನನ್ನ ಯಾರು ಬಿಡ್ತಾರ ಯವ್ವಾ?"

"ನಿನ್ನ ಬಿಡೂದಿಲ್ಲ. ಅಂಗೀನ ಬಿಡ್ತಾರ. ಕೂಸಿಗೊಂದು ಛಲೋ ಅಂಗಿ ಹಾಕ್ಕೊಂಡು ಹೋಗು."

ಅಂದಿನಿಂದ ನಮ್ಮ ಮನೆಯಲ್ಲಿ ಬೇರೆ ಮಾತಿಲ್ಲ. ಡಾಕ್ಟರ ಕೈ ತಮ್ಮನ ಹೊಟ್ಟೆಯ ಮೇಲೆ ಬೀಳಬೇಕು. ಅಷ್ಟಾದರೆ ಸಾಕು, ಮಿಕ್ಕಿದ್ದೆಲ್ಲ ತಾನಾಗಿಯೇ ಆಗುತ್ತದೆ. ಅವ್ವ ಅದನ್ನೇ ಹೇಳಿಕೊಂಡು ಅಕ್ಕಿ ಕೇರುತ್ತಿದ್ದಳು.

ಸಾಹುಕಾರರ ಹೆಂಡತಿಯನ್ನು ನಾವೆಲ್ಲ ಗಿರಣಿ ಅವ್ವಾರು ಎನ್ನುತ್ತಿದ್ದೆವು. ಅವರು ಕೆಟ್ಟವರಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಏಕೆಂದರೆ ಅವರು ಕೆಟ್ಟವರಾಗಿದ್ದರೆ ನನಗೆ ಎಷ್ಟೋ ಸುಲಭವಾಗುತ್ತಿತ್ತು. ಅವರು ಕೊಡುವ ಹೆಂಗಸು. ಕೊಟ್ಟದ್ದನ್ನು ನಾಲ್ಕು ಮಂದಿಗೆ ಹೇಳುವ ಹೆಂಗಸು ಕೂಡ. ಅವರ ಮಗನಿಗೆ ಒಂದು ಮಖಮಲ್ ಅಂಗಿ ಇತ್ತು. ಬದನೆಕಾಯಿ ಬಣ್ಣ, ಕೊರಳಿಗೂ ತೋಳಿಗೂ ಜರಿಯ ಅಂಚು, ಮುಂದೆ ಹಿತ್ತಾಳೆಯ ಗುಂಡಿಗಳು. ಅವ್ವ ಅದನ್ನು ಕೇಳಿದಾಗ ಅವರು ಒಂದು ಗಳಿಗೆ ಕೂಡ ಯೋಚಿಸಲಿಲ್ಲ.

"ಒಯ್ಯಿ ಬೇ, ಪಾಪ. ಕೂಸಿನಕಿಂತ ಅಂಗಿ ಹೆಚ್ಚೇನು? ಮಧ್ಯಾಹ್ನದೊಳಗ ತಂದ್ ಕೊಡು, ಅಷ್ಟ."

ಮರುದಿನ ಮುಂಜಾನೆ ತಮ್ಮ ಆ ಅಂಗಿ ತೊಟ್ಟ. ತನಗಿಂತ ಸಣ್ಣ ಹುಡುಗನ ಅಂಗಿ ಅವನಿಗೆ ದೊಡ್ಡದಾಯಿತು. ಗುಂಡಿಗಳನ್ನು ಮುಟ್ಟಿ ಮುಟ್ಟಿ ನೋಡಿಕೊಂಡು ನಗುತ್ತಿದ್ದ. ದವಾಖಾನೆಯ ಬಾಗಿಲಲ್ಲಿ ಜವಾನ ಕೈ ಅಡ್ಡ ಹಿಡಿದ. ಮೊದಲು ಅವ್ವನ ಹರಕು ಸೀರೆ ನೋಡಿದ, ಆಮೇಲೆ ಅಂಗಿ ನೋಡಿದ. "ಯಾರ ಮನೀ ಕೂಸಬೇ ಇದು?"

"ಗಿರಣಿ ಅವ್ವಾರ ಮನ್ಯಾಗ ಇರ್ತೇನ್ರಿ," ಎಂದಳು ಅವ್ವ. ಅವಳು ಸುಳ್ಳು ಹೇಳಲಿಲ್ಲ. ಧಣಿಯ ಕೂಸು, ಎತ್ತಿಕೊಂಡು ಬಂದ ಆಳು ಎಂದು ಅವನೇ ತಿಳಿದುಕೊಂಡ. ಕೈ ತೆಗೆದು ದಾರಿ ಬಿಟ್ಟ.

ಒಳಗೆ ಬೆಂಚಿನ ಮೇಲೆ ತಮ್ಮನನ್ನು ಕೂರಿಸಿದರು. ಅವ್ವನೂ ನಾನೂ ನೆಲದ ಮೇಲೆ ಕೂತೆವು. ಅವನಿಗೆ ಗಾಬರಿಯಾಯಿತು. ಎಂದೂ ಒಬ್ಬನೇ ಅಷ್ಟು ಎತ್ತರದಲ್ಲಿ ಕೂತವನಲ್ಲ. "ಯವ್ವಾ" ಎಂದು ಕೈ ಚಾಚಿದ. ಜವಾನ ಇತ್ತಲೇ ನೋಡುತ್ತಿದ್ದ. ಅವ್ವ ಅವನ ಕೈಯನ್ನು ಮೆಲ್ಲಗೆ ಕೆಳಗಿಟ್ಟು, "ಸುಮ್ನ ಕುಂದರ್ರಿ ಸಣ್ಣ ಧಣ್ಯಾರ, ಅವ್ವಾರು ಬರ್ತಾರ" ಎಂದಳು. ಹೆತ್ತ ಮಗನಿಗೆ ಧಣಿ ಎಂದಳು. ತಮ್ಮ ಅವಳ ಮುಖವನ್ನೇ ನೋಡಿದ. ಆಟ ಎಂದುಕೊಂಡನೋ ಏನೋ, ಸ್ವಲ್ಪ ನಕ್ಕ. ಆಮೇಲೆ ಅವ್ವ ಮತ್ತೆ ಅವನ ಕಡೆ ನೋಡದೆ ಇದ್ದದ್ದು ಕಂಡು ತುಟಿ ಕಚ್ಚಿಕೊಂಡು ಸುಮ್ಮನೆ ಕೂತ.

ಡಾಕ್ಟರು ಆ ಊರಿಗೆ ಹೊಸದಾಗಿ ಬಂದವರು. ಸಾಹುಕಾರರ ಮಗನನ್ನು ಇನ್ನೂ ನೋಡಿರಲಿಲ್ಲ. ಅವರ ಜಾತಿ ಯಾವುದು, ಊರು ಯಾವುದು ನಮಗೆ ಗೊತ್ತಿಲ್ಲ. ಕಾಲಲ್ಲಿ ಬೂಟು ಇತ್ತು, ಬಾಯಲ್ಲಿ ಉರ್ದು ಇತ್ತು, ನಮಗೆ ಅಷ್ಟೇ ತಿಳಿದದ್ದು. ಬಂದವರೇ ಅಂಗಿ ನೋಡಿ ನಿಂತರು. ತಮ್ಮನ ಕೆನ್ನೆ ಹಿಂಡಿ, "ಕಿಸ್ಕಾ ಬಚ್ಚಾ ಹೈ?" ಎಂದರು. ಗಿರಣಿ ಸಾಹುಕಾರರದ್ದು ಎಂದು ಜವಾನ ಹೇಳಿದ. ಅವರು ಉರ್ದುವಿನಲ್ಲಿ ಏನೋ ಉದ್ದಕ್ಕೆ ಹೇಳಿದರು. ಕಂಪೌಂಡರನಿಗೆ ಕಿಟಕಿಯಲ್ಲಿ ಕಂಡ ಅವ್ವನ ಗುರುತು ಹತ್ತಲಿಲ್ಲ, ಅದನ್ನು ಅವಳಿಗೆ ಬಿಡಿಸಿ ಹೇಳಿದ.

"ಇಂಥಾ ದೊಡ್ಡ ಮನೀ ಕೂಸಿನ್ನ ಈ ಗದ್ದಲದಾಗ ಯಾಕ ತಂದಿ ಅಂತಾರ. ಇಲ್ಲಿ ಕಂಡ ಕಂಡ ಬ್ಯಾನಿ ಬಂದಿರ್ತಾವ, ಹತ್ತಿಗಿತ್ತ್ಯಾವು. ಸಂಜೀಕ ಬಂಗಲೇಕ ಕರಕೊಂಡ್ ಬಾ. ಆರಾಮ ಕುಂತು ನೋಡ್ತಾರಂತ."

"ಈಗ ಒಂದೀಟು ಹೊಟ್ಟಿ ಮುಟ್ಟಿ ನೋಡ್ರಿ ಯಪ್ಪಾ," ಎಂದಳು ಅವ್ವ.

"ಸಂಜೀಕ ಅಂದ್ರಲ್ಲ. ನಿಮ್ಮ ಅವ್ವಾರಿಗೆ ಹೇಳು, ಹೋಗು."

ಅಂದು ಕೆಂಪು ನೀರೂ ಸಿಗಲಿಲ್ಲ. ಕಿಟಕಿಯ ಔಷಧಿ ಅಂಥ ಕೂಸಿಗೆ ತಕ್ಕದ್ದಲ್ಲ ಎಂದು ಕಂಪೌಂಡರ ನನ್ನ ಕೈಯ ಸೀಸೆಯನ್ನು ಮುಟ್ಟಲಿಲ್ಲ. ಆದರೂ ಅವ್ವ ದಾರಿಯುದ್ದಕ್ಕೂ ನಗುತ್ತ ಬಂದಳು. ಬಂಗಲೆಗೆ ಕರೆದಿದ್ದಾರೆ. ಆರಾಮ ಕುಂತು ನೋಡುತ್ತಾರಂತೆ. ಅವಳಿಗೆ ಇನ್ನೇನು ಬೇಕು? ಮಾತು ಕೊಟ್ಟಿದ್ದಳಲ್ಲ, ಮಧ್ಯಾಹ್ನಕ್ಕೆ ಅಂಗಿ ಬಿಚ್ಚಿ, ಕೊಡವಿ, ಒಯ್ದು ಕೊಟ್ಟಳು. ಸಂಜೆಗೆ ಮತ್ತೆ ಕೇಳಿದರಾಯಿತು ಎಂದುಕೊಂಡಿದ್ದಳು.

ಸಂಜೆ ಕೆಲಸ ಮುಗಿಸಿ ನಮ್ಮನ್ನು ಕರೆದುಕೊಂಡು ಅವರ ಅಂಗಳಕ್ಕೆ ಹೋಗುವಷ್ಟರಲ್ಲಿ ಗಿರಣಿ ಅವ್ವಾರು ಬಾಗಿಲ ಪಕ್ಕದ ಗೂಡಿನಲ್ಲಿ ದೀಪ ಇಟ್ಟು ಕೈ ಮುಗಿಯುತ್ತಿದ್ದರು. ಅವ್ವ ಅಂಗಿ ಕೇಳಿದಳು. ಅವರು ನಾಲಿಗೆ ಕಚ್ಚಿಕೊಂಡರು.

"ಅಯ್ಯ, ಆಗಳೆ ಬರಬಾರದೇನಬೇ? ಈಗರ ದೀಪ ಹಚ್ಚೇನಿ. ದೀಪ ಹಚ್ಚಿದ ಮ್ಯಾಲೆ ಮನಿಯಿಂದ ಏನೂ ಹೊರಗ ಕೊಡಬಾರದು, ನಿನಗ ಗೊತ್ತಿಲ್ಲೇನು? ಲಕ್ಷ್ಮಿ ಹೋಗಿಬಿಡ್ತಾಳ. ನಾಳೆ ಮುಂಜಾನಿ ಒಯ್ಯಿ, ಬ್ಯಾಡಂದ್ನೇನು?"

ಈ ಶಾಸ್ತ್ರ ಅವ್ವನಿಗೆ ಗೊತ್ತಿತ್ತು. ನಮ್ಮ ಮನೆಯಲ್ಲಿಯೂ ದೀಪ ಹಚ್ಚಿದ ಮೇಲೆ ಉಪ್ಪು, ಮಜ್ಜಿಗೆ, ಸೂಜಿ ಯಾರಿಗೂ ಕೊಡುತ್ತಿರಲಿಲ್ಲ. ಮಜ್ಜಿಗೆ ಇದ್ದ ದಿನ ಎಂದು ಸೇರಿಸಿಕೊಳ್ಳಿ. ಹಾಗಾಗಿ ಅವಳಿಗೆ ಕೇಳಿದ್ದೇ ತಪ್ಪು ಅನ್ನಿಸಿ, "ಹೌದ್ರಿ ಅವ್ವಾರ" ಎಂದು ಹಿಂದಕ್ಕೆ ಸರಿದಳು. ನಮ್ಮ ಲಕ್ಷ್ಮಿಗೂ ಅವರ ಲಕ್ಷ್ಮಿಗೂ ಒಂದೇ ಶಾಸ್ತ್ರ ನೋಡಿ.

ಆದರೂ ಬಂಗಲೆಗೆ ಹೋದೆವು. ಬಾ ಎಂದಿದ್ದಾರಲ್ಲ, ಅಂಗಿ ಇದ್ದರೇನು ಇಲ್ಲದಿದ್ದರೇನು, ಕೂಸು ಅದೇ ಕೂಸು ಎಂದು ಅವ್ವ ಧೈರ್ಯ ಹೇಳಿಕೊಂಡಳು. ತಮ್ಮನ ಮೈಮೇಲೆ ಅಪ್ಪನ ಹಳೆಯ ಧೋತರದ ತುಂಡು ಸುತ್ತಿತ್ತು. ಗೇಟಿನಲ್ಲಿ ಮಾಲಿ ತಡೆದ.

"ಸಂಜೀಕ ಬಾ ಅಂದಾರ್ರಿ," ಎಂದಳು ಅವ್ವ.

"ನಿನಗ ಅಂದಾರ? ನಿನಗ ಅಂದಿರಾಕಿಲ್ಲ ತಗೊ. ಮುಂಜಾನಿ ಕಿಡಕಿ ತಗೀತಾರ, ಅಲ್ಲಿಗೆ ಹೋಗು."

ಅವನು ಹೇಳಿದ್ದರಲ್ಲಿ ತಪ್ಪಿರಲಿಲ್ಲ. ಅವರು ಬಾ ಎಂದದ್ದು ಅಂಗಿಗೆ.

ಮರುದಿನ ಜ್ವರ ಬಂತು, ಹಿಂದಿನದಕ್ಕಿಂತ ಜೋರಾಗಿ. ಅದು ಬಿಟ್ಟ ದಿನ ಮುಂಜಾನೆ ಅವ್ವ ಮತ್ತೆ ಅಂಗಿ ಕೇಳಿ ತಂದಳು. ಮಧ್ಯಾಹ್ನದೊಳಗೆ ಕೊಡು ಎಂದರು, ಹೂಂ ಎಂದಳು. ಆದರೆ ಈ ಸಲ ಅವಳು ದವಾಖಾನೆಯ ಕಡೆ ಹೋಗಲಿಲ್ಲ, ಸಾಹುಕಾರರ ಮನೆಯ ಕಡೆಗೂ ಹೋಗಲಿಲ್ಲ. ಸಂಜೆಯವರೆಗೆ ಅಂಗಿ ಕೊಡುವುದೇ ಇಲ್ಲ ಎಂದು ನಿಶ್ಚಯಿಸಿದ್ದಳು. ಊರ ಹೊರಗೆ ಕಾಲುವೆಯ ಏರಿಯ ಮೇಲೆ ಒಂದು ಜಾಲಿಮರದ ಕೆಳಗೆ ಹೋಗಿ ಕೂತೆವು. ಅಂಗಿಗೆ ಮಣ್ಣು ಹತ್ತೀತು ಎಂದು ತಮ್ಮನನ್ನು ಕೆಳಗೆ ಬಿಡಲಿಲ್ಲ. ಸೆಕೆ, ಆ ದಪ್ಪ ಮಖಮಲ್ಲು, ಹುಡುಗ ಬಿಚ್ಚು ಬಿಚ್ಚು ಎಂದು ಅತ್ತ. ಬಿಚ್ಚಿ ಮಡಚಿದರೆ ಸುಕ್ಕು ಬಿದ್ದೀತು ಎಂದು ಅವ್ವ ಬಿಚ್ಚಲೂ ಇಲ್ಲ. ಇಡೀ ಹಗಲು ಅವನನ್ನು ತೊಡೆಯ ಮೇಲೆ ಹಿಡಿದು ಸೆರಗಿನಿಂದ ಗಾಳಿ ಬೀಸುತ್ತ ಕೂತಳು. ಕೈಯ ಬೆಳ್ಳಿ ಕಡಗ ಬಿಚ್ಚಿ ಸೆರಗಿನ ತುದಿಗೆ ಗಂಟು ಹಾಕಿಕೊಂಡಿದ್ದಳು. ಬಂಗಲೆಯಲ್ಲಿ ಬಿಟ್ಟಿ ನೋಡುವುದಿಲ್ಲ ಎಂಬುದು ಅವಳಿಗೂ ಗೊತ್ತಿತ್ತು.

ಸಂಜೆ ಅದೇ ಮಾಲಿ ಅಂಗಿ ನೋಡಿ ಗೇಟು ತೆಗೆದ. ನಮ್ಮ ಮುಖ ಅವನಿಗೆ ನೆನಪೇ ಇರಲಿಲ್ಲ. ಪಡಸಾಲೆಯಲ್ಲಿ ಬೆತ್ತದ ಕುರ್ಚಿಗಳಿದ್ದವು, ಒಂದು ಮೇಜಿತ್ತು. ಕಂಪೌಂಡರ ಅಲ್ಲಿಯೂ ಇದ್ದ. ಡಾಕ್ಟರು ನಗುತ್ತ ಹೊರಗೆ ಬಂದರು. "ಆಯಿಯೇ, ಛೋಟೇ ಸಾಹುಕಾರ್!" ಎಂದು ತಮ್ಮನನ್ನು ತಾವೇ ಎತ್ತಿ ಮೇಜಿನ ಮೇಲೆ ಕೂರಿಸಿದರು. ಅವ್ವ ಹೊಟ್ಟೆ ತೋರಿಸಿದಳು. ಅವರು ಅಂಗಿಯ ಗುಂಡಿಗಳನ್ನು ಕೆಳಗಿನಿಂದ ಒಂದೊಂದಾಗಿ ಬಿಚ್ಚಿದರು. ಎರಡೂ ಅಂಗೈ ಉಜ್ಜಿಕೊಂಡು ಬೆಚ್ಚಗೆ ಮಾಡಿಕೊಂಡರು. ಕೂಸಿಗೆ ತಣ್ಣಗೆ ಹತ್ತಬಾರದೆಂದು ಕೈ ಬೆಚ್ಚಗೆ ಮಾಡಿಕೊಳ್ಳುವ ಮನುಷ್ಯ ಅವರು. ನಾನು ಮೆಟ್ಟಿಲ ಮೇಲೆ ನಿಂತು ನೋಡುತ್ತಿದ್ದೆ. ಕೈ ಅಂಗಿಯ ಒಳಗೆ ಹೋಗುತ್ತ ಇತ್ತು.

ಅದೇ ಹೊತ್ತಿಗೆ ಗೇಟಿನಲ್ಲಿ ಎತ್ತಿನ ಗೆಜ್ಜೆ ಕೇಳಿಸಿತು. ಕಮಾನು ಕಟ್ಟಿದ ಗಾಡಿಯಿಂದ ಗಿರಣಿ ಅವ್ವಾರು ಮಗನ ಕೈ ಹಿಡಿದುಕೊಂಡು ಇಳಿದರು. ಹುಡುಗನಿಗೆ ನೆಗಡಿ, ಮೂಗು ಸೋರುತ್ತಿತ್ತು. ಪಡಸಾಲೆ ಹತ್ತಿದವರೇ ಅವ್ವನನ್ನು ಕಂಡರು.

"ಅಯ್ಯ, ನೀ ಇಲ್ಲಿದ್ದೀ ಏನಬೇ? ಮಧ್ಯಾಹ್ನದಿಂದ ಅಂಗಿ ಹಾದಿ ನೋಡಾಕತ್ತೇನಿ!"

ಅವರು ಬಯ್ಯಲಿಲ್ಲ. ಬೈದಿದ್ದರೆ, ಕಳ್ಳಿ ಎಂದಿದ್ದರೆ, ಆ ಗದ್ದಲದಲ್ಲಾದರೂ ಕೈ ಹೊಟ್ಟೆಗೆ ಮುಟ್ಟುತ್ತಿತ್ತೋ ಏನೋ. ಅವರು ನಕ್ಕರು. ಡಾಕ್ಟರ ಕಡೆ ತಿರುಗಿ, ತಮ್ಮ ಔದಾರ್ಯ ತಮಗೇ ಹಿಡಿಸಿದವರಂತೆ ಹೇಳಿದರು: "ನಮ್ಮನೀ ಆಳ್ರಿ ಸಾಹೇಬ್ರ. ಭಾಳ ಬಡೂರು, ಪಾಪ. ಕೂಸಿನ ಮೈಮ್ಯಾಲೆ ನೆಟ್ಟನ್ನ ಒಂದು ಅರಿವಿ ಸೈತ ಇದ್ದಿಲ್ಲ. ನಾನ ನನ್ನ ಮಗನ ಅಂಗಿ ಕೊಟ್ಟೇನಿ."

ಕಂಪೌಂಡರ ಅದನ್ನು ಉರ್ದುವಿನಲ್ಲಿ ಹೇಳಿದ. ಡಾಕ್ಟರು ತಮ್ಮನನ್ನು ನೋಡಿದರು, ಮೂಗು ಸೋರುವ ಹುಡುಗನನ್ನು ನೋಡಿದರು, ನೆಲದ ಮೇಲೆ ಕೂತ ಅವ್ವನನ್ನು ನೋಡಿದರು. ಗಟ್ಟಿಯಾಗಿ ನಕ್ಕುಬಿಟ್ಟರು. ತಾವೇ ಮೋಸಹೋದದ್ದಕ್ಕೆ ಅವರಿಗೆ ಮೋಜು ಅನ್ನಿಸಿತು. ಕೈ ಅಂಗಿಯಿಂದ ಹೊರಗೆ ಬಂತು. ಕರವಸ್ತ್ರ ತೆಗೆದು ಅದನ್ನು ಒರೆಸಿಕೊಂಡರು.

"ಕಲ್ ಸುಬಹ್, ಖಿಡಕೀ ಪರ್," ಎಂದರು. ಇದನ್ನು ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ.

ಅವ್ವ ಗಂಟು ಬಿಚ್ಚಿ ಬೆಳ್ಳಿ ಕಡಗವನ್ನು ಅಂಗೈಯಲ್ಲಿ ಇಟ್ಟುಕೊಂಡು ಚಾಚಿದಳು. ಯಾರೂ ಆ ಕಡೆ ನೋಡಲಿಲ್ಲ. ಡಾಕ್ಟರು ತಮ್ಮನನ್ನು ಕೆಳಗಿಳಿಸಿ ಅದೇ ಮೇಜಿನ ಮೇಲೆ ಸಾಹುಕಾರರ ಮಗನನ್ನು ಕೂರಿಸಿದ್ದರು. ಬಾಯಿ ತೆಗೆಸಿ ಗಂಟಲು ನೋಡುತ್ತಿದ್ದರು. ಅವ್ವ ಅಂಗಿ ಬಿಚ್ಚಲು ಹೋದಾಗ ಗಿರಣಿ ಅವ್ವಾರೇ ಬೇಡವೆಂದರು.

"ಇರ್ಲಿ ಬೇ, ತಂಪು ಹೊತ್ತು, ಕೂಸಿಗೆ ಚಳಿ ಹತ್ತೀತು. ನಾಳೆ ಕೊಡುವಂತಿ. ಮುಂಜಾನಿ ಕಿಡಕಿಗೆ ಹೋಗು, ನಾ ಹೇಳೇನಿ ಅಂತ ಹೇಳು. ಛಲೋ ಔಷಧ ಹಾಕ್ತಾನ."

ಮುಂಜಾನೆ ಕಿಟಕಿಗೆ ಹೋದೆವು. ಗಿರಣಿ ಅವ್ವಾರು ಹೇಳಿದ್ದಾರೆ ಎಂದು ಅವ್ವ ಹೇಳಿದಳು. ಕಂಪೌಂಡರ ಸೀಸೆಯ ಕುತ್ತಿಗೆಯವರೆಗೆ ತುಂಬಿ ಕೊಟ್ಟ. ಅವರ ಮಾತಿಗೆ ಅಷ್ಟು ಬೆಲೆ ಇತ್ತು. ಕೆಂಪು ನೀರು ಹೆಚ್ಚಾಯಿತು.

ಅಂದು ಜ್ವರದ ಪಾಳಿ. ಮನೆ ಮುಟ್ಟುವಷ್ಟರಲ್ಲಿ ನಡುಕ ಹತ್ತಿತು. ಕೌದಿಗಳ ಹೊರತು ನಮ್ಮಲ್ಲಿದ್ದ ಬೆಚ್ಚನೆಯ ಬಟ್ಟೆ ಅದೊಂದೇ, ಅಂಗಿಯನ್ನು ಬಿಚ್ಚಲಿಲ್ಲ. ಅವನು ಕೆಂಪು ನೀರು ಕೇಳಿದ. ಕುಡಿಸುವಾಗ ಹಲ್ಲು ಕಚ್ಚಿಕೊಂಡದ್ದರಿಂದ ಅರ್ಧ ಕೊರಳ ಜರಿಯ ಮೇಲೆ ಚೆಲ್ಲಿತು. ಮಧ್ಯಾಹ್ನ ಕಣ್ಣು ಮೇಲಕ್ಕೆ ಹೋದವು, ಕೈಕಾಲು ಸೆಟೆದುಕೊಂಡವು. ಅವ್ವ ಅವನ ಹೆಸರು ಹಿಡಿದು ಕೂಗಿದಳು. ನಾನು ಪಾದ ಉಜ್ಜುತ್ತಿದ್ದೆ. ಉಜ್ಜುತ್ತಿದ್ದಂತೆಯೇ ಪಾದ ತಣ್ಣಗಾದವು. ಇನ್ನೂ ಉಜ್ಜುತ್ತಲೇ ಇದ್ದ ನನ್ನ ಕೈಯನ್ನು ಪಕ್ಕದ ಮುದುಕಿ ಬಂದು ಹಿಡಿದು ನಿಲ್ಲಿಸಿದಳು.

ಅಪ್ಪ ಕೊಪ್ಪಳದಲ್ಲಿದ್ದ. ಅವನಿಗೆ ಸುದ್ದಿ ಮುಟ್ಟುವ ಮೊದಲೇ ಓಣಿಯವರು ಮಣ್ಣು ಮಾಡಿ ಬಂದರು. ಒಯ್ಯುವ ಮೊದಲು ಅವ್ವ ಅಂಗಿ ಬಿಚ್ಚಿಕೊಂಡಳು. ಅದು ನಮ್ಮದಲ್ಲ. ಮಗು ಮಣ್ಣಿಗೆ ಹೋದದ್ದು ಧೋತರದ ತುಂಡಿನಲ್ಲಿ.

ಮರುದಿನ ಸಾಹುಕಾರರ ಮನೆಯ ಅಂಗಳ ಗುಡಿಸುವ ಹೆಂಗಸು ಬಂದು ಬಾಗಿಲ ಹೊರಗೇ ನಿಂತು ಹೇಳಿದಳು: "ಅವ್ವಾರು ಹೇಳಿ ಕಳ್ಸ್ಯಾರವ್ವ, ಅಂಗಿ ತಿರುಗಿ ತರೂದು ಬ್ಯಾಡಂತ. ಸತ್ತ ಕೂಸಿನ ಮೈಮ್ಯಾಲಿಂದು ಮನ್ಯಾಗ ತರಬಾರದಲ್ಲ. ನೀವ ಇಟ್ಕೊಳ್ರಿ ಅಂದಾರ. ಮಖಮಲ್ ಅಂಗಿ ಬಿಟ್ಟುಕೊಟ್ಟೆ ನೋಡು ಅಂತ ಎಲ್ಲಾರ ಮುಂದ ಹೇಳಾಕತ್ತಾರ. ಭಾಳ ದೊಡ್ಡ ಮನಸು ಅವರದು."

ಅವ್ವ ಅಳು ನಿಲ್ಲಿಸಿದಳು. ಅಷ್ಟು ಹೊತ್ತು ತೊಡೆಯ ಮೇಲೆ ಇಟ್ಟುಕೊಂಡು ಸವರುತ್ತಿದ್ದ ಅಂಗಿಯನ್ನು ನೆಟ್ಟಗೆ ಮಡಚಿದಳು. ತೊಳೆಯಲಿಲ್ಲ. ಕೊರಳ ಮೇಲೆ ಕೆಂಪು ಕಲೆ ಹಾಗೆಯೇ ಇತ್ತು. ಬಿಸಿಲು ಇಳಿಯುವವರೆಗೂ ಹೊಸ್ತಿಲ ಮೇಲೆ ಕೂತು ಸಾಹುಕಾರರ ಮನೆಯ ಕಡೆ ನೋಡುತ್ತಿದ್ದಳು. ಅಲ್ಲಿ ಗೂಡಿನಲ್ಲಿ ದೀಪ ಕಂಡ ಮೇಲೆ ಎದ್ದಳು. ನಾನು ಹಿಂದೆ ಓಡಿದೆ.

ಅಂಗಳದಲ್ಲಿ ಸಾಹುಕಾರರ ಮಗ ಆಡುತ್ತಿದ್ದ. ಅವನಿಗೆ ನಮ್ಮ ಅವ್ವ ಎಂದರೆ ಪ್ರಾಣ. ಎರಡು ದಿನದಿಂದ ಕಂಡಿರಲಿಲ್ಲವಲ್ಲ, ಓಡಿ ಬಂದು ಕಾಲಿಗೆ ತೆಕ್ಕೆ ಬಿದ್ದ. ಅವಳು ಅವನ ಮುಂದೆ ಕೂತು ಅಂಗಿ ಬಿಡಿಸಿ ಹಿಡಿದಳು. ದಿನವೂ ತೊಡಿಸಿಕೊಂಡ ರೂಢಿ, ಹುಡುಗ ತಾನಾಗಿಯೇ ಎರಡೂ ಕೈ ಮೇಲಕ್ಕೆತ್ತಿದ. ಅವಳು ತೋಳು ಹಾಕಿಸಿದಳು, ಗುಂಡಿಗಳನ್ನು ಒಂದೂ ಬಿಡದೆ ಹಾಕಿದಳು, ಕೊರಳು ಸರಿಮಾಡಿದಳು. ತನ್ನ ಅಂಗಿ ತನಗೆ ಬಂದ ಖುಷಿಗೆ ಅವನು ಒಂದು ಸುತ್ತು ತಿರುಗಿ ತೋರಿಸಿದ.

ಗಿರಣಿ ಅವ್ವಾರು ಹೊರಗೆ ಬಂದು ನೋಡಿ ಚೀರಿದರು. "ಏನ್ ಮಾಡಿದ್ಯೇ ಹುಚ್ಚಿ! ಬಿಚ್ಚು, ಬಿಚ್ಚು ಅದನ್ನ! ದೀಪ ಹಚ್ಚೇನಿ, ದೀಪದ ಹೊತ್ತಿನ್ಯಾಗ..."

ಅವ್ವ ಎದ್ದು ಸೆರಗು ಸರಿಮಾಡಿಕೊಂಡಳು. ಎಂದಿನಂತೆ ತಗ್ಗಿದ ದನಿಯಲ್ಲಿಯೇ ಹೇಳಿದಳು: "ದೀಪ ಹಚ್ಚಿದ ಮ್ಯಾಲೆ ಹೊರಗ ಕೊಡಬಾರದು ಅಂದಿದ್ರಿ ಅವ್ವಾರ. ಒಳಗ ತರಬಾರದು ಅಂದಿದ್ದಿಲ್ಲ."

ಊರು ಅವಳನ್ನು ಮಾಟಗಾತಿ ಎಂದಿತು. ಏನೂ ಅರಿಯದ ಕೂಸಿಗೆ ಸಾವಿನ ಬಟ್ಟೆ ತೊಡಿಸಿದ ರಾಕ್ಷಸಿ ಎಂದಿತು. ಇರಬಹುದು. ಅಂದು ಅವಳ ಮೇಲೆ ನನಗೆ ಬಂದ ಹೆಮ್ಮೆ ಇಂದಿಗೂ ಇಳಿದಿಲ್ಲ. ಅಪ್ಪ ಕೊಪ್ಪಳದಿಂದ ಬಂದಾಗ ಮಗ ಇರಲಿಲ್ಲ, ಗಿರಣಿಯ ಕೆಲಸವೂ ಇರಲಿಲ್ಲ. ನಾವು ಕುಷ್ಟಗಿಯ ಕಡೆ ಜೋಳದ ಹೊಲಗಳಿಗೆ ಹೋದೆವು. ಹೊರಡುವ ಮುಂಜಾನೆ ಆ ಅಂಗಳ ಗುಡಿಸುವ ಹೆಂಗಸು ಕದ್ದು ಬಂದು ಅಂದಿನ ಸಂಜೆ ಆದದ್ದನ್ನು ಅವ್ವನಿಗೆ ಹೇಳಿದಳು.

ನಾವು ಅಂಗಳ ದಾಟಿದ ಕೂಡಲೇ ಗಾಡಿ ಹೂಡಿದ್ದರಂತೆ. ಹುಡುಗನನ್ನು ಎತ್ತಿಕೊಂಡು ಬಂಗಲೆಗೆ ಓಡಿದ್ದರಂತೆ. ಅವನ ನೆಗಡಿ ಕೂಡ ಅಷ್ಟರಲ್ಲಿ ವಾಸಿಯಾಗಿತ್ತು, ಮೈಯಲ್ಲಿ ಏನೂ ಇರಲಿಲ್ಲ. ಆದರೂ ಡಾಕ್ಟರು ಅವನನ್ನು ಮೇಜಿನ ಮೇಲೆ ಮಲಗಿಸಿ, ಅಂಗೈ ಉಜ್ಜಿಕೊಂಡು, ಹೊಟ್ಟೆಯ ಎರಡೂ ಮಗ್ಗುಲು ಒತ್ತಿ ಒತ್ತಿ ನೋಡಿದರಂತೆ. ಯಾವ ಗಡ್ಡೆಯೂ ಇಲ್ಲ, ಹೆದರಬೇಡಿ, ಆದರೂ ಇರಲಿ ಎಂದು ಕಪಾಟು ತೆಗೆದು ಕಹಿ ಗುಳಿಗೆಗಳನ್ನು ಪೊಟ್ಟಣ ಕಟ್ಟಿ ಕೊಟ್ಟರಂತೆ.

"ಆ ಹುಡುಗ ನುಂಗಲಿಲ್ಲವ್ವ," ಎಂದಳು ಆ ಹೆಂಗಸು. "ಕಹಿ ಅಂತ ಅಂಗಳದಾಗ ಉಗುಳಿದ. ಮುಂಜಾನಿ ಕಸದಾಗ ನಾನ ಗುಡಿಸಿ ಚೆಲ್ಲಿದೆ."